‘ನೀತಿವಂತ’ ಶಬ್ದವಿಚಾರ

ಕನ್ನಡದಲ್ಲಿ ಮನೆಮನೆಗಳಲ್ಲಿ ನಿತ್ಯಪಾರಾಯಣಕ್ಕೆ ಸಲ್ಲುವ ಗದ್ಯಗ್ರಂಥಗಳು ಬಹಳವಿಲ್ಲ. ಇರುವ ಕೆಲವುಗಳಲ್ಲಿ ಕ್ರೈಸ್ತರ ಸತ್ಯವೇದವು ಒಂದು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ಅದು 1831ರಲ್ಲಿ ಪೂರ್ಣವಾಗಿ ಕನ್ನಡಕ್ಕೆ ಬಂದಿತು; ಅನಂತರ ಹಲವರ ಕೈಯಲ್ಲಿ ಹಲವು ಸಲ ತಿದ್ದುಪಡಿಯಾಯಿತು. ಇಷ್ಟು ದೀರ್ಘಕಾಲದಿಂದ ನಮ್ಮ ಭಾಷೆಯಲ್ಲಿ ನೆಲೆಸಿರುವ ಈ ಗ್ರಂಥವನ್ನು ಕನ್ನಡದ ವಿಮರ್ಶಕರು ಕೈಗೆತ್ತಿಕೊಂಡು ನೋಡಿದ್ದು ವಿರಳ. ಆ ಮತದವರು ಅದನ್ನು ಪೂಜಿಸುವರು. ಹೊರಗಿನವರು ‘ಪಾದ್ರಿಗಳ ಕನ್ನಡ’ವೆಂದು ನಕ್ಕು ಸುಮ್ಮನಾಗುವರು. ಎರಡೂ ವಿಮರ್ಶೆಯಲ್ಲ. ಪ್ರಕೃತ ಲೇಖನದಲ್ಲಿ ನಾವು ಅದರೊಳಗಿನ ಒಂದೇ ಒಂದು ಪತ್ರಿಕೆಯನ್ನು, ಆ ಪತ್ರಿಕೆಯಲ್ಲಿಯೂ ಮೂರು ನಾಲ್ಕು ಶಬ್ದಗಳನ್ನು ಮಾತ್ರ, ಪರಿಶೀಲಿಸಲು ಯತ್ನಿಸುವೆವು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯೇ ಅದು. ಮನುಷ್ಯನು ದೇವರ ಮುಂದೆ ಸರಿಯಾಗಿ ನಿಲ್ಲುವುದು ಹೇಗೆ ಎಂಬುದು ಅದರ ವಿಷಯ. ನಂಬಿಕೆಯಿಂದ ಎಂಬುದು ಅದರ ಉತ್ತರ. ಈ ಉತ್ತರದ ಅರ್ಥವೇನೆಂಬ ವಾದದಿಂದ ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಮತಸಂಸ್ಥೆಯು ಇಬ್ಭಾಗವಾಯಿತು. ಕನ್ನಡದ ಓದುಗನಿಗೆ ಆ ವಾದವು ಕಾಣುವುದೇ, ಕಾಣದಂತೆ ಮರೆಯಾಗಿದೆಯೇ ಎಂಬುದು ನಮ್ಮ ಪ್ರಶ್ನೆ.

ಮೊದಲು ಮೂಲವು ಎಷ್ಟು ಉಗ್ರವಾದುದೆಂದು ತಿಳಿಯಬೇಕು. ವಿಮೋಚನಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ನ್ಯಾಯಾಧಿಪತಿಗಳಿಗೆ ವಿಧಿಸಿರುವ ಧರ್ಮವುಂಟು. ನಿರಪರಾಧಿಯನ್ನು ಕೊಲ್ಲಿಸಬಾರದು, ಲಂಚ ತಿನ್ನಬಾರದು. ಅಪರಾಧಿಯನ್ನು ನಿರ್ದೋಷಿಯೆನ್ನುವುದಿಲ್ಲವೆಂದು ಹೀಬ್ರೂ ಮೂಲದಲ್ಲಿ ದೇವರೇ ತನ್ನ ವಿಷಯದಲ್ಲಿ ಹೇಳಿಕೊಳ್ಳುವನು. ಇದನ್ನು ಪ್ರಾಚೀನ ಗ್ರೀಕಿಗೆ ತಿರುಗಿಸಿದವರು ಕೊನೆಯ ಮಾತನ್ನೂ ನ್ಯಾಯಾಧಿಪತಿಗೆ ಮಾಡಿದ ನಿಷೇಧವಾಗಿಯೇ ಬರೆದು, ಅಲ್ಲಿ ‘ದಿಕಾಯೋ’ ಎಂಬ ಧಾತುವನ್ನು ಪ್ರಯೋಗಿಸಿದರು. ಪೌಲನು ಓದಿ ಬಲ್ಲ ವೇದವು ಆ ಗ್ರೀಕು ವೇದವೇ. ಅವನು ರೋಮಾಪುರದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ದೇವರನ್ನು ವರ್ಣಿಸುತ್ತಾ ಅದೇ ಧಾತುವನ್ನೂ ಅಧರ್ಮಿ ಎಂಬರ್ಥದ ಅದೇ ನಾಮಪದವನ್ನೂ ಜೋಡಿಸುತ್ತಾನೆ. ನ್ಯಾಯಾಧಿಪತಿಗೆ ಯಾವುದು ನಿಷಿದ್ಧವೋ ದೇವರು ಅದನ್ನೇ ಮಾಡುವನೆಂದು ಹೇಳುತ್ತಾನೆ! ಕೇಳಿದವರು ಬೆಚ್ಚಿಬೀಳಲಿ ಎಂದೇ ಆಡಿದ ಮಾತಿದು. ಕಳ್ಳನನ್ನು ಬಿಟ್ಟ ನ್ಯಾಯಾಧಿಪತಿಯನ್ನು ನಾವು ಹೊಗಳುವೆವೇ? ಹೊಗಳೆವು. ಹಾಗಾದರೆ ಅಧರ್ಮಿಯನ್ನು ಅಂಗೀಕರಿಸಿಯೂ ದೇವರು ನ್ಯಾಯವಂತನಾಗಿ ಉಳಿಯುವುದು ಹೇಗೆ? ಕ್ರಿಸ್ತನ ಮರಣವೇ ಇದಕ್ಕೆ ಸಮಾಧಾನವೆಂದು ಪೌಲನು ವಾದಿಸುತ್ತಾನೆ. ಸಮಾಧಾನವನ್ನು ಒಪ್ಪುವುದು ಬಿಡುವುದು ಓದುಗನ ಮತಕ್ಕೆ ಸೇರಿದ್ದು. ಪ್ರಶ್ನೆಯ ಹರಿತವನ್ನು ಮೊಂಡುಮಾಡದೆ ಮುಟ್ಟಿಸುವುದು ಭಾಷಾಂತರಕಾರನ ಕರ್ತವ್ಯ.

ಈಗ ಆ ಧಾತುವಿನ ಕಡೆಗೆ ಬರೋಣ. ಗ್ರೀಕಿನಲ್ಲಿ ಗುಣವಾಚಕದಿಂದ ಈ ವರ್ಗದ ಧಾತುಗಳು ಹುಟ್ಟಿದಾಗ ಕೆಲವಕ್ಕೆ ‘ಹಾಗೆ ಮಾಡು’ ಎಂಬರ್ಥವೂ ಕೆಲವಕ್ಕೆ ‘ಹಾಗೆಂದು ಎಣಿಸು’ ಎಂಬರ್ಥವೂ ಬರುವುದು. ದಾಸನನ್ನಾಗಿ ಮಾಡುವುದು ಮೊದಲನೆಯ ಬಗೆ. ಯೋಗ್ಯನೆಂದು ಭಾವಿಸುವುದು ಎರಡನೆಯದು. ಸಂಸ್ಕೃತ ಬಲ್ಲ ವಾಚಕರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಬೆಳ್ಳಗಿಲ್ಲದ ಬಟ್ಟೆಯನ್ನು ಅಗಸನು ಬೆಳ್ಳಗೆ ಮಾಡಿದರೆ ನಾವು ಚ್ವಿಪ್ರತ್ಯಯವನ್ನು ಹಚ್ಚಿ ‘ಶುಕ್ಲೀಕರಣ’ವೆನ್ನುವೆವು, ಮೊದಲಿಲ್ಲದ ಗುಣವು ಈಗ ನಿಜವಾಗಿ ಬಂದಿರಬೇಕು. ‘ಬಿಳಿದು ಎಂದು ತಿಳಿದನು’ ಎಂಬಲ್ಲಿ ಗುಣವಿರುವುದು ತಿಳಿದವನ ತೀರ್ಪಿನಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಈ ಗ್ರೀಕು ಧಾತುವಿಗೆ ಪ್ರತಿಯಾಗಿ ನಿಂತ ‘ಯುಸ್ತಿಫಿಕಾರೆ’ ಎಂಬ ಶಬ್ದದ ಮೈಯಲ್ಲಿಯೇ ‘ಮಾಡು’ ಎಂಬ ಧಾತುವು ಅಡಗಿದೆ. ಗ್ರೀಕಿನಲ್ಲಿ ಹೆಚ್ಚು ಪರಿಶ್ರಮವಿಲ್ಲದ ಅಗಸ್ಟೀನನು ಆ ಲ್ಯಾಟಿನ್ ಶಬ್ದವನ್ನು ಮುಖ್ಯವಾಗಿ ‘ನೀತಿವಂತನನ್ನಾಗಿ ಮಾಡು’ ಎಂದೇ ಅರ್ಥೈಸಿದನು. ಅವನ ದಾರಿಯಲ್ಲಿ ಪಶ್ಚಿಮದ ಪಂಡಿತರು ಸಾವಿರ ವರ್ಷ ನಡೆದರು. ಒಂದು ಪ್ರತ್ಯಯದ ಬೆನ್ನಿಗೆ ಒಂದು ಖಂಡದ ಮತಶಾಸ್ತ್ರವೇ ಹೋಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಬಹಳ ದೊಡ್ಡ ಅತಿಶಯೋಕ್ತಿಯಲ್ಲ.

ವಿಟೆನ್‌ಬರ್ಗಿನಲ್ಲಿ 1515-16ರಲ್ಲಿ ಇದೇ ಪತ್ರಿಕೆಯನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಮಾರ್ಟಿನ್ ಲೂಥರನು ‘ದೇವರ ನೀತಿ’ ಎಂಬ ಸಮಾಸವನ್ನು ತಾನು ಒಮ್ಮೆ ದ್ವೇಷಿಸುತ್ತಿದ್ದೆನೆಂದು 1545ರ ಒಂದು ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. ಪಾಪಿಯನ್ನು ದಂಡಿಸುವ ನೀತಿಯೆಂದು ತಿಳಿದಿದ್ದಷ್ಟು ಕಾಲ ಅದು ಭಯವಾಗಿತ್ತು. ದೇವರು ಮನುಷ್ಯನಿಗೆ ಕೊಡುವ, ಮನುಷ್ಯನು ಸುಮ್ಮನೆ ಸ್ವೀಕರಿಸುವ ನೀತಿಯೆಂದು ತಿಳಿದಾಗ ಸ್ವರ್ಗದ ಬಾಗಿಲು ತೆರೆದಂತಾಯಿತಂತೆ. ನಂಬಿದವನು ಒಳಗೆ ಪಾಪಿಯಾಗಿರುವಾಗಲೇ ದೇವರ ತೀರ್ಪಿನಲ್ಲಿ ನೀತಿವಂತನು ಎಂಬುದು ಅವನ ಸಿದ್ಧಾಂತ. ಇದಕ್ಕೆ ಪ್ರತಿಯಾಗಿ ಟ್ರೆಂಟಿನ ಮಹಾಸಭೆಯು 1547ರ ಜನವರಿಯಲ್ಲಿ ಹದಿನಾರು ಅಧ್ಯಾಯಗಳಲ್ಲಿಯೂ ಮೂವತ್ತಮೂರು ನಿಷೇಧವಾಕ್ಯಗಳಲ್ಲಿಯೂ ತನ್ನ ನಿರ್ಣಯವನ್ನು ಹೊರಡಿಸಿತು. ಪಾಪಕ್ಷಮೆಯಷ್ಟೇ ಅಲ್ಲ, ಅಂತರಂಗವು ನವೀನವಾಗಬೇಕು. ದೇವರು ನೀತಿವಂತನೆಂದರೆ ಸಾಲದು, ಹಾಗೆ ಮಾಡಿಯೂ ಇರಬೇಕು ಎಂಬುದು ಅದರ ಸಾರ. ಅವರದು ಚ್ವಿಪ್ರತ್ಯಯ, ಲೂಥರನದು ‘ಇತಿ’ಶಬ್ದ.

ಇಷ್ಟು ಪೀಠಿಕೆಯನ್ನು ಹೃದ್ಗತಮಾಡಿಕೊಂಡು ಕನ್ನಡವನ್ನು ಓದಿದರೆ ಒಂದು ವಿಚಿತ್ರವು ಕಾಣುತ್ತದೆ. ಪ್ರಚಲಿತವಾದ ಸತ್ಯವೇದದಲ್ಲಿ ಪೌಲನ ಶಬ್ದಕ್ಕೆ ‘ನೀತಿವಂತ’ ಎಂಬುದು ನಿಂತಿದೆ. ಕೆಲವೆಡೆ ‘ನೀತಿವಂತನೆಂದು ನಿರ್ಣಯಿಸಲ್ಪಡು’ ಎಂದೂ ಕೆಲವೆಡೆ ಬರಿದೇ ‘ನೀತಿವಂತನಾಗು’ ಎಂದೂ ಇದೆ. ‘ಎಂದು’ ಇರುವಲ್ಲಿ ವಿಟೆನ್‌ಬರ್ಗು. ‘ಆಗು’ ಇರುವಲ್ಲಿ ಟ್ರೆಂಟು! ಮೂಲದ ಧಾತುವಾದರೋ ಎರಡು ಕಡೆಯೂ ಒಂದೇ. ಲೂಥರನ ಪಕ್ಷಕ್ಕೆ ಸೇರಿದವರ ಪರಂಪರೆಯಲ್ಲಿ ಬೆಳೆದು ಬಂದ ಗ್ರಂಥದಲ್ಲಿ ಇಂತಹ ಅನಾಸ್ಥೆಯು ಹೇಗೆ ನುಸುಳಿತು? ವಾಕ್ಯದ ಓಟಕ್ಕಾಗಿ ‘ಆಗು’ವನ್ನು ತಂದಿರಬಹುದೆಂದು ನಮ್ಮ ಊಹೆ. ಓಟವು ಬಂದಿದೆ, ಸಿದ್ಧಾಂತವು ಹೋಗಿದೆ. ಇಂತಹ ಗೊಂದಲವು ಕನ್ನಡಕ್ಕೇ ವಿಶಿಷ್ಟವಲ್ಲವೆಂಬುದಕ್ಕೂ ಸಾಕ್ಷಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಬ್ಯಾಪ್ಟಿಸ್ಟ್ ಮಿಷನರಿಗಳು ಹೊರಡಿಸಿದ ಸಂಸ್ಕೃತ ಹೊಸ ಒಡಂಬಡಿಕೆಯಲ್ಲಿ ಇದೇ ಸ್ಥಳದಲ್ಲಿ ‘ಸಪುಣ್ಯೀಕೃತ’ ಎಂಬ ಪದವಿದೆ. ಅಲ್ಲಿ ಚ್ವಿಪ್ರತ್ಯಯವು ಹಾಡಹಗಲಲ್ಲಿಯೇ ಕುಳಿತಿದೆ. ವ್ಯಾಕರಣದ ದೃಷ್ಟಿಯಿಂದ ಆ ಪದವು ಸಾಧು. ಅದನ್ನು ಬರೆದವರ ಮತದ ದೃಷ್ಟಿಯಿಂದ ಅಸಾಧು.

ಆದರೆ ದೊಡ್ಡ ತೊಡಕಿರುವುದು ‘ನೀತಿವಂತ’ ಎಂಬ ಪ್ರಾತಿಪದಿಕದಲ್ಲಿಯೇ. ಮತುಪ್ ಪ್ರತ್ಯಯವು ‘ಅದು ಇವನಲ್ಲಿ ಉಂಟು’ ಎಂಬರ್ಥವನ್ನು ಕೊಡುವುದಷ್ಟೆ. ಧನವಂತನಲ್ಲಿ ಧನವೂ ಗುಣವಂತನಲ್ಲಿ ಗುಣವೂ ಇರಬೇಕಾದಂತೆ ನೀತಿವಂತನಲ್ಲಿ ನೀತಿಯು ಇರಬೇಕು. ನೀತಿಯೆಂದರೆ ನಮ್ಮ ಮನೆಗಳಲ್ಲಿ ಏನು? ಮಕ್ಕಳಿಗೆ ಹೇಳುವ ನೀತಿಕಥೆ, ಭರ್ತೃಹರಿಯ ಶತಕ, ಸುಳ್ಳಾಡದೆ, ಪರರ ಸೊತ್ತಿಗೆ ಆಸೆಪಡದೆ ಬಾಳುವ ನಡತೆ. ‘ಅವರು ಬಹಳ ನೀತಿವಂತರು’ ಎಂದರೆ ಊರಿನಲ್ಲಿ ಯಾರೂ ಬೆರಳು ತೋರಿಸದ ಗೃಹಸ್ಥರೆಂದು ಅರ್ಥ. ಹೀಬ್ರೂ ಭಾಷೆಯ ಮೂಲಶಬ್ದಕ್ಕಾದರೋ ಒಡಂಬಡಿಕೆಗೆ ತಪ್ಪದಿರುವುದು, ವ್ಯಾಜ್ಯದಲ್ಲಿ ತನ್ನ ಪಕ್ಷಕ್ಕೆ ತೀರ್ಪಾಗುವುದು ಎಂಬ ಛಾಯೆಗಳುಂಟು. ಆ ನ್ಯಾಯಸ್ಥಾನವು ‘ನೀತಿ’ಯಲ್ಲಿ ಮಾಯವಾಗಿದೆ.

ಇದರ ಜೊತೆಗೆ ಇನ್ನೊಂದು ಪದವನ್ನು ಸೇರಿಸಿ ನೋಡಬೇಕು. ಪೌಲನು ‘ಧರ್ಮಶಾಸ್ತ್ರದ ಕರ್ಮಗಳು’ ಎಂದು ಕರೆದುದಕ್ಕೆ ಕನ್ನಡದಲ್ಲಿ ‘ನೇಮನಿಷ್ಠೆಗಳು’ ಎಂದಿದೆ. ಬಿಡಿಯಾಗಿ ನೋಡಿದರೆ ಇದು ಬಹಳ ಸೊಗಸಾದ ಪದ. ಏಕಾದಶಿಯ ಉಪವಾಸ, ಮಡಿ, ಸ್ನಾನಸಂಧ್ಯೆ ಇವೆಲ್ಲವೂ ಕೇಳಿದ ಕೂಡಲೆ ಕಣ್ಣಿಗೆ ಕಟ್ಟುತ್ತವೆ. ಕುತೂಹಲದ ಸಂಗತಿಯೆಂದರೆ, 1977ರಲ್ಲಿ ಇ. ಪಿ. ಸ್ಯಾಂಡರ್ಸರು ಪೌಲನ ಕಾಲದ ಯೆಹೂದ್ಯ ಮತವನ್ನು ಕುರಿತ ತಮ್ಮ ಗ್ರಂಥದಲ್ಲಿ ಹಳೆಯ ಅಭಿಪ್ರಾಯಗಳನ್ನು ಅಲುಗಿಸಿದ ಮೇಲೆ ಜೇಮ್ಸ್ ಡನ್ ಮೊದಲಾದ ವಿದ್ವಾಂಸರು ಪೌಲನ ಆಕ್ಷೇಪಣೆಯು ಸತ್ಕಾರ್ಯಗಳ ಮೇಲಲ್ಲ, ಸುನ್ನತಿ, ಆಹಾರನಿಯಮ, ಸಬ್ಬತ್ತು ಮುಂತಾಗಿ ಯೆಹೂದ್ಯರನ್ನು ಇತರರಿಂದ ಬೇರ್ಪಡಿಸುವ ಆಚಾರಗಳ ಮೇಲೆ ಮುಖ್ಯವಾಗಿ ಇತ್ತೆಂದು ವಾದಿಸಿದರು. ನಮ್ಮ ಭಾಷಾಂತರಕಾರರು ‘ನೇಮನಿಷ್ಠೆ’ ಎಂದಾಗ ಈ ವಾದಕ್ಕೆ ಬಹಳ ಮೊದಲೇ ಅದರ ಹತ್ತಿರ ಬಂದುಬಿಟ್ಟಿದ್ದರು!

ಈ ಎರಡು ಒಳ್ಳೆಯ ಕನ್ನಡ ಶಬ್ದಗಳು ಒಂದೇ ವಾಕ್ಯದಲ್ಲಿ ಸೇರಿದಾಗ ಏನಾಗುತ್ತದೆಂದು ವಾಚಕರು ಗಮನಿಸಬೇಕು. ನೇಮನಿಷ್ಠೆಗಳಿಂದಲ್ಲ, ನೀತಿವಂತನಾಗಬೇಕು: ಹೊಸಬನೊಬ್ಬನು ಓದಿದರೆ ಇದರಿಂದ ಅವನು ಗ್ರಹಿಸುವುದೇನು? ಮಡಿಮೈಲಿಗೆಗಳನ್ನು ಬಿಡು, ಒಳ್ಳೆಯ ನಡತೆಯನ್ನು ಹಿಡಿ ಎಂಬ ಉಪದೇಶವನ್ನು. ಉಪದೇಶವು ಒಳ್ಳೆಯದೇ. ನಮ್ಮ ಶರಣರೂ ದಾಸರೂ ಬೇರೆಬೇರೆ ರೀತಿಯಲ್ಲಿ ಇದನ್ನು ಹೇಳಿದ್ದಾರೆ. ಆದರೆ ಪೌಲನು ಹೇಳಿದ್ದು ಇದಲ್ಲ. ಒಳ್ಳೆಯ ನಡತೆಯುಳ್ಳವನಿಗೂ ಅದೇ ನಡತೆಯು ದೇವರ ಮುಂದೆ ದಾವೆಯ ಕಾಗದವಾಗಲಾರದು ಎಂಬುದು ಅವನ ಮಾತಿನ ತಿರುಳು. ಊರಿನ ಸತ್ಪುರುಷನೂ ಊರಿನ ಪೋಕರಿಯೂ ಒಂದೇ ಬಾಗಿಲಿನಿಂದ, ಒಂದೇ ಬರಿಗೈಯಿಂದ ಒಳಗೆ ಬರಬೇಕು. ಸತ್ಪುರುಷನಿಗೆ ಇದು ಸಹ್ಯವಾಗುವ ಮಾತೇ? ಸಹ್ಯವಾಗದಿರುವುದೇ ಸಹಜ. ಕನ್ನಡದಲ್ಲಿ ಓದಿದಾಗ ಅವನಿಗೆ ಸ್ವಲ್ಪವೂ ನೋವಾಗುವುದಿಲ್ಲ. ಈ ನೋವು ಕಾಣೆಯಾದುದೇ ಭಾಷಾಂತರದ ದೋಷವೆಂದು ನಮ್ಮ ಅಭಿಪ್ರಾಯ.

ಕಥೋಲಿಕರೂ ಒಪ್ಪಿದ ಈಚಿನ ಕನ್ನಡ ಬೈಬಲಿನಲ್ಲಿ ‘ದೇವರೊಡನೆ ಸತ್ಸಂಬಂಧ’ ಎಂಬ ಪ್ರಯೋಗವನ್ನು ಮಾಡಿದ್ದಾರೆ. ಅರ್ಥವು ತಿಳಿಯಾಗಿದೆ, ನೀತಿಕಥೆಯ ಭ್ರಾಂತಿಯೂ ತಪ್ಪಿದೆ. ಆದರೆ ಸತ್ಸಂಬಂಧವೆಂದರೆ ನಮ್ಮಲ್ಲಿ ವಧೂವರರ ಮಾತುಕತೆಯ ನೆನಪು ಬರುವುದೆಂಬ ಚೇಷ್ಟೆಯನ್ನು ಬಿಟ್ಟರೂ, ಸಂಬಂಧಕ್ಕೆ ಎರಡು ಕಡೆಯವರು ಬೇಕು. ತೀರ್ಪು ಕೊಡುವವನು ಒಬ್ಬನೇ. ಮೂಲದ ನ್ಯಾಯಸ್ಥಾನವು ಇಲ್ಲಿ ನೆಂಟರ ಮನೆಯಾಗಿದೆ.

ಉಪಾಯವು ಆ ಪತ್ರಿಕೆಯಲ್ಲಿಯೇ ಇದ್ದಿತು. ನಾಲ್ಕನೆಯ ಅಧ್ಯಾಯದಲ್ಲಿ ಅಬ್ರಹಾಮನ ಕಥೆಯನ್ನು ಎತ್ತಿಕೊಂಡಾಗ ಪೌಲನು ‘ಎಣಿಸು’ ಎಂಬರ್ಥದ ಒಂದು ಧಾತುವನ್ನು ಹನ್ನೊಂದು ಸಲ ಬಳಸುತ್ತಾನೆ. ಅದು ಅಂಗಡಿಯ ಲೆಕ್ಕದಲ್ಲಿಯೂ ನಡೆಯುವ ಮಾತು. ಕೆಲಸ ಮಾಡಿದವನಿಗೆ ಕೊಟ್ಟ ಕೂಲಿಯು ದಾನವಲ್ಲ, ಸಾಲ ತೀರಿಸಿದ್ದು; ಕೆಲಸ ಮಾಡದೆ ನಂಬಿದವನ ಲೆಕ್ಕಕ್ಕೆ ಬಿದ್ದದ್ದು ದಾನ. ಜಮಾಖರ್ಚು ಬಲ್ಲ ನಮ್ಮ ವರ್ತಕರಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಖಾತೆಯಲ್ಲಿ ಜಮೆಯಾದ ಹಣವು ಖಾತೆದಾರನ ದುಡಿಮೆಯೇ ಆಗಬೇಕೆಂದಿಲ್ಲ. ಈ ‘ಎಣಿಸು’ ಶಬ್ದವನ್ನೇ ಮೂರನೆಯ ಅಧ್ಯಾಯದಿಂದ ಐದನೆಯದರವರೆಗೂ ಎಳೆದುಕೊಂಡು ಹೋಗಿ ‘ನೀತಿವಂತನೆಂದು ಎಣಿಸು’ ಎಂದೇ ಎಲ್ಲೆಡೆಯೂ ಬರೆದಿದ್ದರೆ ಕನ್ನಡದ ಓದುಗನಿಗೆ ಆ ಮೂರು ಅಧ್ಯಾಯಗಳು ಒಂದೇ ಹಗ್ಗವಾಗಿ ಕಾಣುತ್ತಿದ್ದವು. ಕಥೋಲಿಕರಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲವೆಂಬುದು ಬೇರೆ ಮಾತು.

ದೋಷವನ್ನೇ ಎಣಿಸಿದೆವೆಂದು ಯಾರೂ ಭಾವಿಸಬಾರದು. ‘ನಂಬಿಕೆ’ ಎಂಬ ಪದವನ್ನು ಆರಿಸಿಕೊಂಡವರು ಯಾರೋ, ಅವರಿಗೆ ನಮಸ್ಕಾರ. ಸಂಸ್ಕೃತದ ಕಡೆಗೆ ತಿರುಗಿದ್ದರೆ ಶ್ರದ್ಧೆಯೆಂಬ ಶಬ್ದವು ಕೈಗೆ ಸಿಗುತ್ತಿತ್ತು. ಅದು ಲ್ಯಾಟಿನಿನ ‘ಕ್ರೇದೋ’ ಎಂಬ ಕ್ರಿಯೆಗೆ ದಾಯಾದಿಯೂ ಹೌದು. ಆದರೆ ಕನ್ನಡದಲ್ಲಿ ಶ್ರದ್ಧೆಯೆಂದರೆ ಕೆಲಸವನ್ನು ಮನಸ್ಸಿಟ್ಟು ಮಾಡುವುದು. ಶ್ರದ್ಧಾವಂತ ವಿದ್ಯಾರ್ಥಿಯು ಪಾಠ ಒಪ್ಪಿಸುವವನು. ಮತ್ತೆ ಕರ್ಮಕ್ಕೇ ಬಂದಂತಾಯಿತು. ಕಥೋಲಿಕರ ‘ವಿಶ್ವಾಸ’ವು ಗೌರವದ ಶಬ್ದ, ಆದರೆ ಬಳಕೆಯಲ್ಲಿ ಸವೆದು ನೆರೆಹೊರೆಯ ಸ್ನೇಹಕ್ಕೂ ಅದೇ ಹೆಸರಾಗಿದೆ. ‘ನಂಬು’ ಎಂಬುದಾದರೋ ಮೈಭಾರವನ್ನೆಲ್ಲ ಇನ್ನೊಬ್ಬರ ಮೇಲೆ ಹಾಕುವ ಮಾತು. ಮಳೆಯನ್ನು ನಂಬಿ ಬಿತ್ತಿದವನು ಮಳೆಯುಂಟೆಂಬ ತತ್ತ್ವಕ್ಕೆ ತಲೆಯಾಡಿಸುವವನಲ್ಲ; ಬೀಜವನ್ನು ಮಣ್ಣಿಗೆ ಚೆಲ್ಲಿ ಕುಳಿತವನು. ಸಿದ್ಧಾಂತವನ್ನು ಒಪ್ಪುವುದಲ್ಲ, ದೇವರ ಮಾತಿನ ಮೇಲೆ ಒರಗುವುದೇ ನಂಬಿಕೆಯೆಂದು ಲೂಥರನು ಎಷ್ಟು ಪುಟಗಳಲ್ಲಿ ವಾದಿಸಿದನೋ ಅದನ್ನು ಈ ಮೂರಕ್ಷರಗಳು ವಾದವಿಲ್ಲದೆ ಹೇಳುತ್ತವೆ.

ಈ ನಂಬಿಕೆಗೆ ‘ಏ’ಕಾರವನ್ನು ಹಚ್ಚಬಹುದೇ ಎಂಬುದು ಮುಂದಿನ ಪ್ರಶ್ನೆ. 1522ರಲ್ಲಿ ಹೊರಟ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಲೂಥರನು ಮೂರನೆಯ ಅಧ್ಯಾಯದ ಇಪ್ಪತ್ತೆಂಟನೆಯ ವಚನಕ್ಕೆ ‘ಮಾತ್ರ’ ಎಂಬರ್ಥದ ಪದವೊಂದನ್ನು ಸೇರಿಸಿದನು. ಮೂಲದಲ್ಲಿ ಆ ಪದವಿಲ್ಲ. ವಿರೋಧಿಗಳು ಗದ್ದಲವೆಬ್ಬಿಸಿದರು. 1530ರಲ್ಲಿ ಭಾಷಾಂತರವನ್ನು ಕುರಿತು ಬರೆದ ಬಹಿರಂಗಪತ್ರದಲ್ಲಿ ಅವನು ಕೊಟ್ಟ ಮೊದಲನೆಯ ಉತ್ತರವು ವೈಯಾಕರಣನದು: ಎರಡರಲ್ಲಿ ಒಂದನ್ನು ಒಪ್ಪಿ ಒಂದನ್ನು ಅಲ್ಲಗಳೆಯುವಾಗ ಜರ್ಮನರ ಬಾಯಲ್ಲಿ ಈ ಪದವು ತಾನಾಗಿ ಬರುತ್ತದೆ, ಮನೆಯ ತಾಯಿಯನ್ನೂ ಬೀದಿಯ ಮಕ್ಕಳನ್ನೂ ಸಂತೆಯ ಸಾಮಾನ್ಯನನ್ನೂ ಕೇಳಿ ನೋಡಬೇಕು ಎಂದನು. ಕನ್ನಡದಲ್ಲಿ ಲೂಥರನಿಗೆ ಅಷ್ಟು ಕಷ್ಟವೇ ಇರುತ್ತಿರಲಿಲ್ಲ. ಒಂದು ಅವಧಾರಣೆಯ ‘ಏ’ ಸಾಕಾಗುತ್ತಿತ್ತು, ಯಾರೂ ಗಮನಿಸುತ್ತಲೂ ಇರಲಿಲ್ಲ.

ಆದರೆ ಗಮನಿಸಬೇಕು. ಅವಧಾರಣೆಯು ಒಂದೇ ಬಗೆಯದಲ್ಲವೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ‘ಅರ್ಜುನನೇ ಬಿಲ್ಲುಗಾರ’ ಎಂದರೆ ಇತರರನ್ನು ಹೊರಗಿಟ್ಟಂತೆ, ಇದು ಅನ್ಯಯೋಗವ್ಯವಚ್ಛೇದ. ‘ಶಂಖವು ಬಿಳಿಯೇ’ ಎಂದರೆ ಬೆಳ್ಳಗಿರುವ ಇತರ ವಸ್ತುಗಳನ್ನು ಅಲ್ಲಗಳೆದಂತಲ್ಲ, ಶಂಖಕ್ಕೆ ಬಿಳುಪು ತಪ್ಪದೆಂದಂತೆ, ಇದು ಅಯೋಗವ್ಯವಚ್ಛೇದ. ನಂಬಿಕೆಯು ತಪ್ಪದೆ ಇರಬೇಕು ಎಂಬುದನ್ನು ಟ್ರೆಂಟಿನವರೂ ಒಪ್ಪಿದರು. ಅದೇ ಆರಂಭ, ಅದೇ ಅಡಿಪಾಯ, ಅದೇ ಬೇರು ಎಂದರು. ಬೇರೆ ಯಾವುದೂ ಬೇಡ ಎಂಬುದನ್ನು ಅವರು ಒಪ್ಪಲಿಲ್ಲ. ಅವರ ಕೈಯಲ್ಲಿ ಯಾಕೋಬನ ಪತ್ರಿಕೆಯೂ ಇದ್ದಿತು. ಹೊಸ ಒಡಂಬಡಿಕೆಯಲ್ಲಿ ‘ನಂಬಿಕೆ ಮಾತ್ರ’ ಎಂಬೆರಡು ಪದಗಳು ಒಟ್ಟಿಗೆ ಬರುವುದು ಅಲ್ಲೊಂದೇ ಕಡೆ, ಅದೂ ನಿಷೇಧದೊಡನೆ! ಲೂಥರನು ಆ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿ ಸಿಟ್ಟು ತೀರಿಸಿಕೊಂಡನು; ಅದು ಉತ್ತರವಲ್ಲ. ಕಾಲ್ವಿನನ ಉತ್ತರವು ಮೇಲು. ಸೂರ್ಯನಲ್ಲಿ ಬೆಳಕೂ ಶಾಖವೂ ಅಗಲದೆ ಇವೆ. ಆದರೂ ಭೂಮಿಯನ್ನು ಬೆಚ್ಚಗೆ ಮಾಡುವುದು ಬೆಳಕೆಂದು ಹೇಳಲಾಗದು. ಸತ್ಕಾರ್ಯಗಳಿಲ್ಲದ ನಂಬಿಕೆಯಿಲ್ಲ, ಆದರೆ ಅಂಗೀಕಾರಕ್ಕೆ ಕಾರಣವು ಸತ್ಕಾರ್ಯವಲ್ಲ. ಸಹಭಾವವೇ ಕಾರಣತ್ವವಲ್ಲವೆಂಬುದು ತರ್ಕಸಂಗ್ರಹ ಓದಿದ ಹುಡುಗನಿಗೂ ತಿಳಿದಿರುವ ವಿಷಯ.

ಮೇಲುಕೋಟೆಯ ಪರಿಚಯವುಳ್ಳ ವಾಚಕರಿಗೆ ಇಲ್ಲಿ ಮರ್ಕಟಕಿಶೋರ ಮಾರ್ಜಾಲಕಿಶೋರ ನ್ಯಾಯಗಳು ನೆನಪಾಗದಿರವು. ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಮರಿ, ತಾಯಿಯ ಬಾಯಲ್ಲಿ ಸುಮ್ಮನೆ ಜೋಲುವ ಬೆಕ್ಕಿನಮರಿ. ಜರ್ಮನಿಯ ರುಡಾಲ್ಫ್ ಆಟೋ ಎಂಬ ಪಂಡಿತನು 1930ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಶ್ರೀವೈಷ್ಣವರ ಕೃಪಾತತ್ತ್ವವನ್ನೂ ಕ್ರೈಸ್ತರದನ್ನೂ ತೂಗಿ ನೋಡಿದ್ದಾನೆ. ಸಾಮ್ಯವು ನಿಜ, ಅದರಲ್ಲಿ ಮೈಮರೆಯಬಾರದು. ಪ್ರಪನ್ನನು ಆಶ್ರಯಿಸುವುದು ಸ್ವಾಮಿಯ ವಾತ್ಸಲ್ಯವನ್ನು. ಪೌಲನ ಅಧರ್ಮಿಯು ನಿಂತಿರುವುದು ಕಟಕಟೆಯಲ್ಲಿ. ತಾಯಿಬೆಕ್ಕು ಮರಿಯನ್ನು ವಿಚಾರಣೆಗೆ ನಿಲ್ಲಿಸುವುದಿಲ್ಲ.

ಇನ್ನು ಷಷ್ಠೀವಿಭಕ್ತಿಯ ವಿಷಯವಾಗಿ ಒಂದು ಮಾತು. ಪೌಲನು ಬರೆದದ್ದು ‘ಕ್ರಿಸ್ತನ ನಂಬಿಕೆ’ ಎಂದು. ‘ತಾಯಿಯ ಪ್ರೀತಿ’ ಎಂದರೆ ಪ್ರೀತಿಸುವವಳು ತಾಯಿ. ‘ದೇವರ ಭಯ’ ಎಂದರೆ ಭಯಪಡುವವನು ದೇವರಲ್ಲ. ಕರ್ತೃವಿಗೂ ಕರ್ಮಕ್ಕೂ ಷಷ್ಠಿಯು ಬರಬಹುದೆಂದು ಪಾಣಿನಿಯಲ್ಲಿ ಓದಿದ್ದೇವೆ. ಇದು ಕ್ರಿಸ್ತನ ಮೇಲೆ ನಾವಿಡುವ ನಂಬಿಕೆಯೋ, ಕ್ರಿಸ್ತನೇ ದೇವರಿಗೆ ತೋರಿದ ನಂಬಿಗಸ್ತಿಕೆಯೋ? ಎರಡನೆಯ ಪಕ್ಷವನ್ನು ರಿಚರ್ಡ್ ಹೇಯ್ಸರು 1983ರ ತಮ್ಮ ಗ್ರಂಥದಲ್ಲಿ ಬಲವಾಗಿ ಮಂಡಿಸಿದ ಮೇಲೆ ಈ ವಾದವು ಇಂದಿಗೂ ತೀರಿಲ್ಲ. ಕನ್ನಡದಲ್ಲಿ ‘ಕ್ರಿಸ್ತನನ್ನು ನಂಬುವುದು’ ಎಂದು ದ್ವಿತೀಯೆಯನ್ನು ಹಾಕಿದ ಕೂಡಲೆ ವಾದವೇ ಇಲ್ಲದಂತಾಗುತ್ತದೆ. ಷಷ್ಠಿಯನ್ನು ಷಷ್ಠಿಯಾಗಿಯೇ ಉಳಿಸಿದ್ದರೆ ಕನ್ನಡಕ್ಕೆ ಭಂಗವೇನೂ ಬರುತ್ತಿರಲಿಲ್ಲ. ಮೂಲವು ಸಂದಿಗ್ಧವಾದರೆ ಭಾಷಾಂತರವೂ ಸಂದಿಗ್ಧವಾಗಿರುವುದೇ ಪ್ರಾಮಾಣಿಕತೆ.

ವಾದಿಸಿದ ಪಕ್ಷಗಳೇ ಈಗ ಬಹುಮಟ್ಟಿಗೆ ಸಮಾಧಾನಕ್ಕೆ ಬಂದಿವೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವಸಂಘದವರೂ ರೋಮಿನವರೂ ಕೂಡಿ ಈ ವಿಷಯದಲ್ಲಿ ಒಂದು ಹೇಳಿಕೆಗೆ ರುಜು ಹಾಕಿದರು. ಮೆಥಡಿಸ್ಟರು 2006ರಲ್ಲಿಯೂ ಕಾಲ್ವಿನನ ಪರಂಪರೆಯ ಸಂಘದವರು 2017ರಲ್ಲಿಯೂ ಅದಕ್ಕೆ ಸೇರಿದರು. ಹಳೆಯ ಬಹಿಷ್ಕಾರಗಳು ಅಲ್ಲಿ ವಿವರಿಸಿದ ಉಪದೇಶಗಳಿಗೆ ತಗಲುವುದಿಲ್ಲವೆಂದು ಒಪ್ಪಿಕೊಂಡಿದ್ದಾರೆ. ಆದರೆ ಒಪ್ಪಂದವು ಪಂಡಿತರದು. ಮನೆಯಲ್ಲಿ ಕುಳಿತು ಓದುವವನಿಗೆ ಪುಸ್ತಕದ ಶಬ್ದವೇ ಶರಣು. ಅವನಿಗಾಗಿಯೇ ನಾವು ಇಷ್ಟು ದೂರ ಬರೆದದ್ದು.

ಕಡೆಯದಾಗಿ ‘ಪಡು’ವಿನ ವಿಷಯ. ‘ನಿರ್ಣಯಿಸಲ್ಪಡು’ ಎಂಬಂತಹ ಕರ್ಮಣಿಪ್ರಯೋಗಗಳನ್ನು ಕಂಡರೆ ಕನ್ನಡದ ಉಪಾಧ್ಯಾಯರಾದ ನಮಗೆಲ್ಲ ಮೈಯುರಿ. ‘ಅನ್ನವು ಉಣ್ಣಲ್ಪಟ್ಟಿತು’ ಎಂದು ಬರೆದ ಹುಡುಗರ ಪುಸ್ತಕಗಳಲ್ಲಿ ಕೆಂಪುಗೆರೆ ಎಳೆದೆಳೆದು ಆಯುಷ್ಯವೇ ಕಳೆಯಿತು. ಪಾದ್ರಿಗಳ ಕನ್ನಡವೆಂದು ನಗುವವರು ಮೊದಲು ಬೆರಳಿಡುವುದೂ ಇಲ್ಲಿಯೇ. ಆದರೆ ದುಃಖಪಡು, ಪೆಟ್ಟುಪಡು ಎಂಬಲ್ಲಿ ‘ಪಡು’ವಿಗೆ ಏನರ್ಥ? ತನ್ನ ಕೈಯಿಂದ ಏನೂ ಮಾಡದೆ ತನ್ನ ಮೇಲೆ ಬಂದುದನ್ನು ಹೊಂದುವುದು. ಲೂಥರನು ಆ ನೀತಿಯನ್ನು ಕರೆದದ್ದೂ ಹಾಗೆಯೇ. ಮನುಷ್ಯನು ಮಾಡುವ ನೀತಿಯಲ್ಲ, ಪಡುವ ನೀತಿ. ಆದುದರಿಂದ ಮುಂದೆ ಈ ಗ್ರಂಥವನ್ನು ತಿದ್ದುವವರು ಬೇರೆಲ್ಲ ಕಡೆಯೂ ‘ಅಲ್ಪಡು’ಗಳನ್ನು ಧಾರಾಳವಾಗಿ ಕಳೆಯಲಿ. ರೋಮಾಪುರದ ಪತ್ರಿಕೆಯ ಮೂರನೆಯ, ನಾಲ್ಕನೆಯ, ಐದನೆಯ ಅಧ್ಯಾಯಗಳಲ್ಲಿ ಮಾತ್ರ ಕೈ ಹಚ್ಚದಿರಲಿ. ‘ನೀತಿವಂತನಾಗು’ ಎಂದಿರುವಲ್ಲಿ ಇನ್ನೂ ಒಂದೆರಡನ್ನು ಸೇರಿಸಿದರೂ ನಮ್ಮ ಆಕ್ಷೇಪಣೆಯಿಲ್ಲ.